ಊರ ಜೇನು ಮತ್ತು ಪರಾಗದ ಅಲರ್ಜಿ

ಊರ ಜೇನು ಮತ್ತು ಪರಾಗದ ಅಲರ್ಜಿ: ಹೂ ಬಿಡುವ ಕಾಲದಲ್ಲಿ ಕಾಡುವ ಸೀನು, ಮೂಗಿನ ಸೋರಿಕೆ, ಕಣ್ಣುರಿ, ಗಂಟಲ ಕೆರೆತಗಳನ್ನು ತಡೆಯಲು ತಾವಿರುವ ಪ್ರದೇಶದಲ್ಲೇ ತೆಗೆದ ಜೇನುತುಪ್ಪವನ್ನು ದಿನವೂ ಒಂದೆರಡು ಚಮಚ ತಿನ್ನುವ ಮನೆಮದ್ದು. ಜೇನಿನಲ್ಲಿ ಆ ಸೀಮೆಯ ಹೂಗಳ ಪರಾಗ ಬೆರೆತಿರುತ್ತದೆ, ಅದು ಸ್ವಲ್ಪಸ್ವಲ್ಪವೇ ಒಳಸೇರಿದರೆ ದೇಹ ಒಗ್ಗಿಕೊಳ್ಳುತ್ತದೆ, ಮುಂದೆ ಅದೇ ಪರಾಗ ಗಾಳಿಯಲ್ಲಿ ಬಂದಾಗ ಕೆರಳುವುದಿಲ್ಲ ಎಂಬುದು ಇದರ ತರ್ಕ. ಅಮೆರಿಕ, ಯುರೋಪುಗಳಲ್ಲಿ ಬೇರೂರಿರುವ ಈ ನಂಬಿಕೆ ಈಚೆಗೆ ಭಾರತದ ನಗರಗಳ ಸಾವಯವ ಅಂಗಡಿಗಳಿಗೂ ಬಂದಿದೆ. ತರ್ಕವೇನೋ ಕೇಳಲು ಚೆನ್ನಾಗಿದೆ, ಆದರೆ ಅದರ ಮೊದಲ ಕೊಂಡಿಯೇ ಸಡಿಲ. ಸೀನು ತರಿಸುವ ಪರಾಗ ಮತ್ತು ಜೇನಿನಲ್ಲಿ ಸಿಗುವ ಪರಾಗ ಬಹುಮಟ್ಟಿಗೆ ಬೇರೆಬೇರೆ ಗಿಡಗಳವು.

ರೋಗದ ಚರಿತ್ರೆ

ಆಧುನಿಕ ವೈದ್ಯಶಾಸ್ತ್ರದಲ್ಲಿ ಪರಾಗದ ಅಲರ್ಜಿಯ ಕಥೆ ಇಂಗ್ಲೆಂಡಿನಿಂದ ಶುರುವಾಗುತ್ತದೆ. ಲಂಡನ್ನಿನ ವೈದ್ಯ ಜಾನ್ ಬೊಸ್ಟಾಕ್ ಬೇಸಿಗೆ ಬಂದಾಗಲೆಲ್ಲ ತನ್ನನ್ನೇ ಕಾಡುತ್ತಿದ್ದ ಕಣ್ಣು-ಮೂಗಿನ ತೊಂದರೆಯನ್ನು 1819ರಲ್ಲಿ ವೈದ್ಯರ ಸಭೆಯೊಂದರ ಮುಂದೆ ವಿವರಿಸಿದ. ಬೇಸಿಗೆಯ ಬಿಸಿಯೇ ಕಾರಣವೆಂದು ಅವನ ಎಣಿಕೆಯಾಗಿತ್ತು. ಅದನ್ನು ತಿದ್ದಿದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವನೂ ಈ ರೋಗದ ಒಕ್ಕಲೇ. ಹುಲ್ಲಿನ ಪರಾಗವನ್ನು ತನ್ನ ಮೂಗಿಗೆ ಏರಿಸಿಕೊಂಡ, ಗೀರಿದ ಚರ್ಮಕ್ಕೆ ಹಚ್ಚಿಕೊಂಡ, ಅಂಟು ಸವರಿದ ಗಾಜಿನ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಎತ್ತರದ ಗಾಳಿಯಲ್ಲಿ ತೇಲುವ ಪರಾಗವನ್ನು ಹಿಡಿದು ಎಣಿಸಿದ. ಗಾಳಿಯಲ್ಲಿ ಪರಾಗ ಹೆಚ್ಚಿದಂತೆ ತನ್ನ ಸೀನೂ ಹೆಚ್ಚುತ್ತದೆ ಎಂಬುದನ್ನು 1873ರ ಪುಸ್ತಕದಲ್ಲಿ ಅಂಕಿಅಂಶಸಹಿತ ತೋರಿಸಿದ. ಊರ ಜೇನಿನ ಚರ್ಚೆಗೆ ಬ್ಲ್ಯಾಕ್ಲಿಯ ಗಾಳಿಪಟ ಮುಖ್ಯ: ರೋಗ ತರುವುದು ಗಾಳಿಯಲ್ಲಿ ಹಾರುವ ಪರಾಗ ಎಂಬುದು ಅಂದೇ ಸ್ಥಿರಪಟ್ಟಿತು.

ಅಲರ್ಜಿ ಎಂಬ ಹೆಸರನ್ನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಕೊಟ್ಟ. ಅದರ ಒಳಗುಟ್ಟು ಬಯಲಾಗಲು ಮತ್ತೆ 60 ವರ್ಷ ಬೇಕಾಯಿತು. ಜಪಾನ್ ಮೂಲದ ಕಿಮಿಶಿಗೆ ಇಶಿಜಾಕ ಮತ್ತು ತೆರುಕೊ ಇಶಿಜಾಕ ದಂಪತಿ 1966ರಲ್ಲಿ ಐಜಿಇ ಎಂಬ ಪ್ರತಿಕಾಯವನ್ನು ಗುರುತಿಸಿದರು, ಅದೇ ಹೊತ್ತಿಗೆ ಸ್ವೀಡನ್ನಿನ ಸಂಶೋಧಕರೂ ಸ್ವತಂತ್ರವಾಗಿ ಅಲ್ಲಿಗೇ ತಲುಪಿದರು. ಅಲರ್ಜಿ ಇರುವವರ ದೇಹ ನಿರುಪದ್ರವಿ ಪರಾಗದ ಪ್ರೋಟೀನನ್ನು ಶತ್ರುವೆಂದು ಬಗೆದು ಅದಕ್ಕೆಂದೇ ಐಜಿಇ ತಯಾರಿಸುತ್ತದೆ. ಈ ಪ್ರತಿಕಾಯಗಳು ಮೂಗು, ಕಣ್ಣು, ಶ್ವಾಸನಾಳಗಳ ಒಳಪದರದ ಮಾಸ್ಟ್ ಕೋಶಗಳಿಗೆ ಅಂಟಿ ಕೂತಿರುತ್ತವೆ. ಅದೇ ಪರಾಗ ಮತ್ತೆ ಬಂದಾಗ ಆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತವೆ. ಸಾಲು ಸೀನು, ನೀರಿನಂತೆ ಸುರಿಯುವ ಮೂಗು, ಕೆಂಪಾದ ಕಣ್ಣು ಎಲ್ಲವೂ ಅದರ ಪರಿಣಾಮ. ನೆಗಡಿಗೂ ಇದಕ್ಕೂ ಮೇಲುನೋಟಕ್ಕೆ ವ್ಯತ್ಯಾಸ ಕಾಣದು. ಜ್ವರ ಇಲ್ಲದೆ, ಕಣ್ಣು-ಮೂಗು ತುರಿಸುತ್ತ, ವಾರಗಟ್ಟಲೆ ಎಳೆದರೆ ಅಲರ್ಜಿಯೆಂದು ಶಂಕಿಸಬೇಕು.

ಯಾವ ಹೂವಿನ ಪರಾಗ?

ಹೂಗಿಡಗಳಲ್ಲಿ ಪರಾಗ ಸಾಗಿಸಲು ಎರಡು ಮುಖ್ಯ ದಾರಿಗಳಿವೆ. ಬಣ್ಣ, ಪರಿಮಳ, ಮಕರಂದ ಇಟ್ಟುಕೊಂಡು ಕೀಟಗಳನ್ನು ಕರೆಯುವ ಹೂಗಳ ಪರಾಗ ದಪ್ಪ, ಜಿಗುಟು. ಕೀಟದ ಮೈಗೆ ಅಂಟುತ್ತದೆ, ಗಾಳಿಗೆ ಹಾರುವುದು ಕಡಿಮೆ. ಗಾಳಿಯನ್ನೇ ನೆಚ್ಚಿದ ಗಿಡಗಳಿಗೆ ಅಲಂಕಾರದ ಹಂಗಿಲ್ಲ. ಅವುಗಳ ಹೂ ಹೂವೆಂದೇ ಗೊತ್ತಾಗದಷ್ಟು ಪೇಲವ, ಪರಾಗ ಮಾತ್ರ ಹಗುರ, ಒಣ, ಲೆಕ್ಕವಿಲ್ಲದಷ್ಟು. ಮೈಲುಗಟ್ಟಲೆ ತೇಲಿಬಂದು ಮೂಗು ಸೇರುವುದು ಈ ಎರಡನೆಯ ಬಗೆಯದು. ಉತ್ತರ ಯುರೋಪಿನ ಬರ್ಚ್ ಮರ, ಅಮೆರಿಕದ ರ‍್ಯಾಗ್‌ವೀಡ್, ಎಲ್ಲೆಡೆಯ ಹುಲ್ಲುಗಳು ಈ ಪಂಗಡದವು. ಕಣ್ಣಿಗೆ ಹೊಡೆಯುವಂತೆ ಅರಳಿದ ಗುಲ್‌ಮೊಹರಿನ ಮೇಲೆ ದೂರು ಹೊರಿಸಿ, ಕಾಲಡಿಯ ಹುಲ್ಲನ್ನು ಮರೆಯುವುದು ಎಲ್ಲ ದೇಶಗಳಲ್ಲೂ ನಡೆಯುವಂಥದ್ದು.

ಕರ್ನಾಟಕದ ಮಟ್ಟಿಗೆ ಈ ಅಲರ್ಜಿಯ ಮುಖ್ಯ ಆರೋಪಿ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಅಮೆರಿಕ ಖಂಡದ ಈ ಕಳೆ 1950ರ ದಶಕದಲ್ಲಿ ಪುಣೆಯ ಸುತ್ತ ಕಾಣಿಸಿಕೊಂಡು ದೇಶಕ್ಕೆಲ್ಲ ಹಬ್ಬಿತು. ಆಮದು ಗೋಧಿಯ ಜೊತೆ ಬಂತೆಂಬುದು ಸಾಮಾನ್ಯ ಅಭಿಪ್ರಾಯ. ತೇವವೊಂದಿದ್ದರೆ ಖಾಲಿ ನಿವೇಶನ, ರೈಲುಹಳಿ, ರಸ್ತೆಯಂಚು ಎನ್ನದೆ ವರ್ಷದ ಬಹುಕಾಲ ಹೂ ಬಿಡುತ್ತದೆ. ಮುಟ್ಟಿದವರ ಚರ್ಮದ ಕೆರೆತದ ಕಥೆ ರೈತರಿಗೆಲ್ಲ ಗೊತ್ತು. ಅದರ ಪರಾಗ ಮೂಗಿನ ಅಲರ್ಜಿಯನ್ನೂ ತರುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 1980-90ರ ದಶಕಗಳಲ್ಲಿ ತೋರಿಸಿದರು. ಇದು ರ‍್ಯಾಗ್‌ವೀಡ್‌ನ ನೆಂಟ. ಎರಡರ ಪರಾಗವನ್ನೂ ದೇಹ ಒಂದೇ ಎಂದು ಎಣಿಸುವುದುಂಟು. ಬೆಂಗಳೂರು ವಿಶ್ವವಿದ್ಯಾಲಯದ ಎಸ್.ಎನ್. ಅಗಾಶೆ ನಗರದ ಗಾಳಿಯ ಪರಾಗವನ್ನು ಬಹುಕಾಲ ಅಧ್ಯಯನ ಮಾಡಿದರು. ಕಾಂಗ್ರೆಸ್ ಗಿಡ, ಹುಲ್ಲು, ಗಾಳಿಮರ, ನೀಲಗಿರಿ ಇವು ಈ ಗಾಳಿಯಲ್ಲಿ ಕಾಣುವ ಪರಾಗಗಳಲ್ಲಿ ಕೆಲವು. ಇವುಗಳಲ್ಲಿ ಜೇನ್ನೊಣ ಬಯಸಿ ಹೋಗುವುದು ನೀಲಗಿರಿಗೆ. ಗಾಳಿ ಮತ್ತು ಜೇನು ಎರಡರಲ್ಲೂ ಸಿಗುವ ಇಂಥ ಗಿಡಗಳು ಇಲ್ಲವೆಂದಲ್ಲ. ಗೋವಿನಜೋಳದ ತುದಿಯ ಗಂಡುಹೂವಿಗೆ, ತೆಂಗಿನ ಹೊಂಬಾಳೆಗೆ ನೊಣ ಮುತ್ತುವುದನ್ನು ಯಾವ ತೋಟದಲ್ಲೂ ನೋಡಬಹುದು. ಕಾಂಗ್ರೆಸ್ ಗಿಡಕ್ಕೂ ಕೀಟಗಳು ಬರುತ್ತವೆ. ಆದರೂ ಊರ ಜೇನಿನಲ್ಲಿ ಊರಿನ ಸೀನಿಗೆ ಕಾರಣವಾದ ಪರಾಗವೇ ಇದೆಯೆಂದು ಮುಚ್ಚಿದ ಬಾಟಲಿಯನ್ನು ನೋಡಿ ಯಾರೂ ಹೇಳಲಾರರು.

ಜೇನಿನೊಳಗಿನ ಪರಾಗ

ನೊಣ ಮಕರಂದವನ್ನು ಹೊಟ್ಟೆಯ ಚೀಲದಲ್ಲಿ ತರುತ್ತದೆ, ಪರಾಗವನ್ನು ಹಿಂಗಾಲಿನ ಬುಟ್ಟಿಯಲ್ಲಿ. ಗೂಡಿನಲ್ಲಿ ಎರಡರ ಉಗ್ರಾಣವೂ ಬೇರೆ. ಪರಾಗ ಮರಿಗಳ ಆಹಾರ, ಹಾಗಾಗಿ ಮರಿಗಳಿರುವ ಕಡೆಯೇ ಅದನ್ನು ತುಂಬಿಡುತ್ತವೆ. ಪೆಟ್ಟಿಗೆಯ ಮೇಲಿನ ಕೋಣೆಯ ಚೌಕಟ್ಟುಗಳನ್ನು ಯಂತ್ರದಲ್ಲಿ ತಿರುಗಿಸಿ ತೆಗೆದ ಜೇನಿಗೆ ಪರಾಗ ಬೆರೆಯುವುದು ಅಷ್ಟಕ್ಕಷ್ಟೆ. ಕಾಡಿನ ಹೆಜ್ಜೇನಿನ ಹಲ್ಲೆಯನ್ನು ಹಿಂಡಿದರೆ ಹೆಚ್ಚು ಬೆರೆಯುತ್ತದೆ. ಜೇನಿನ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವವರು ಬಳಸುವ ವರ್ಗೀಕರಣದಲ್ಲಿ 10 ಗ್ರಾಂ ಜೇನಿಗೆ 20,000ದಿಂದ 1,00,000 ಕಣಗಳಿರುವುದು ಸಾಧಾರಣ ವರ್ಗ. ಸಂಖ್ಯೆ ದೊಡ್ಡದಾಗಿ ಕಂಡರೂ ತೂಕದಲ್ಲಿ ಅದು ನಗಣ್ಯ, ಅದರಲ್ಲೂ ಹೆಚ್ಚಿನದು ಕೀಟಗಳನ್ನು ನೆಚ್ಚಿದ ಹೂಗಳದು. ಜೇನಿನ ತುಂಬ ಇರುವುದು ಸಕ್ಕರೆ, ಸುಮಾರು ಶೇ. 80ರಷ್ಟು. ಉಳಿದದ್ದರಲ್ಲಿ ನೀರೇ ಹೆಚ್ಚು.

ದಕ್ಷಿಣ ಕನ್ನಡದ ಮತ್ತು ಕೇರಳದ ರಬ್ಬರ್ ಜೇನಿನ ವಿಷಯ ಇಲ್ಲಿ ಸ್ವಾರಸ್ಯಕರ. ರಬ್ಬರ್ ಮರ ಹೊಸ ಚಿಗುರು ಬಿಟ್ಟಾಗ ಎಲೆಯ ತೊಟ್ಟಿನ ಬಳಿಯ ಗ್ರಂಥಿಗಳಲ್ಲಿ ಸಿಹಿರಸ ಜಿನುಗುತ್ತದೆ. ನೊಣಗಳು ಅದನ್ನೇ ಹೀರಿ ಜೇನು ಮಾಡುತ್ತವೆ. ಹೂವಿನ ಪಾತ್ರ ಇದರಲ್ಲಿ ಇಲ್ಲವೇ ಇಲ್ಲ ಎನ್ನಬಹುದು, ಪರಾಗವೂ ಅಷ್ಟೇ ಕಡಿಮೆ. ಆ ಸೀಮೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಸಿಗುವ, ಶುದ್ಧವೂ ಸ್ಥಳೀಯವೂ ಆದ ಜೇನು ಇದು. ಪರಾಗದ ತರ್ಕ ನಂಬಿ ಕೊಳ್ಳುವವನಿಗೆ ಇದರಿಂದ ದಕ್ಕುವುದು ಸಿಹಿ ಮಾತ್ರ.

ಒಗ್ಗಿಸುವ ಚಿಕಿತ್ಸೆ

ಊರ ಜೇನಿನ ತರ್ಕ ಗಾಳಿಯಿಂದ ಹುಟ್ಟಿದ್ದಲ್ಲ, ಅದಕ್ಕೊಂದು ನಿಜವಾದ ಮಾದರಿ ಇದೆ. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಲಿಯೊನಾರ್ಡ್ ನೂನ್ 1911ರಲ್ಲಿ ಹುಲ್ಲಿನ ಪರಾಗದ ಸಾರವನ್ನು ರೋಗಿಗಳ ಚರ್ಮದಡಿ ಸಣ್ಣ ಪ್ರಮಾಣದಲ್ಲಿ ಚುಚ್ಚುತ್ತ, ಮೆಲ್ಲನೆ ಏರಿಸುತ್ತ ಹೋಗಿ ಉಪಶಮನ ಕಂಡ. ಅವನ ನಂತರ ಸಹೋದ್ಯೋಗಿ ಜಾನ್ ಫ್ರೀಮನ್ ಅದನ್ನು ಮುಂದುವರಿಸಿದ. ಈ ಇಮ್ಯುನೋಥೆರಪಿ ಇಂದಿಗೂ ಬಳಕೆಯಲ್ಲಿದೆ. ನಾಲಿಗೆಯಡಿ ಇಡುವ ಹನಿ, ಮಾತ್ರೆಗಳ ರೂಪವೂ ಬಂದಿದೆ. ಹುಲ್ಲು ಮತ್ತು ರ‍್ಯಾಗ್‌ವೀಡ್ ಪರಾಗದ ಮಾತ್ರೆಗಳಿಗೆ ಅಮೆರಿಕ 2014ರಲ್ಲಿ ಅನುಮತಿ ಕೊಟ್ಟಿತು.

ಪರಾಗವನ್ನು ಬಾಯಲ್ಲಿಟ್ಟು ಗುಣ ಕಾಣುವುದು ಸಾಧ್ಯವಾದರೆ ಜೇನಿನಿಂದ ಏಕಾಗದು ಎಂಬ ಪ್ರಶ್ನೆ ಸಹಜ. ಈ ಚಿಕಿತ್ಸೆಯಲ್ಲಿ ಮೊದಲು ಚರ್ಮದ ಅಥವಾ ರಕ್ತದ ಪರೀಕ್ಷೆಯಿಂದ ಯಾವ ಪರಾಗ ಎಂದು ಪತ್ತೆ ಹಚ್ಚುತ್ತಾರೆ. ಮಾತ್ರೆಯಲ್ಲಿರುವುದು ಅದೇ ಪರಾಗ, ಅಳತೆ ಮಾಡಿದ ಪ್ರಮಾಣದಲ್ಲಿ, ಮೂರು ವರ್ಷದಷ್ಟು ದೀರ್ಘಕಾಲ. ನಾಲಿಗೆಯಡಿಯ ಚಿಕಿತ್ಸೆಗೆ ಬೇಕಾಗುವ ಪ್ರಮಾಣವಂತೂ ಚುಚ್ಚುಮದ್ದಿಗಿಂತ ಎಷ್ಟೋ ಪಟ್ಟು ಹೆಚ್ಚು. ಜೇನಿನಲ್ಲಿ ಪರಾಗ ಯಾವುದೆಂದು ಗೊತ್ತಿಲ್ಲ, ಎಷ್ಟೆಂದು ಗೊತ್ತಿಲ್ಲ, ಈ ವರ್ಷದ ಕೊಯ್ಲಿಗೂ ಹೋದ ವರ್ಷದ್ದಕ್ಕೂ ಹೋಲಿಕೆ ಇಲ್ಲ. ನುಂಗಿದ ಪ್ರೋಟೀನಿನ ಬಹುಭಾಗವನ್ನು ಜಠರವೂ ಮುರಿದುಹಾಕುತ್ತದೆ. ಮೊದಲ ಮಾತ್ರೆಯನ್ನು ವೈದ್ಯರ ಕಣ್ಣೆದುರೇ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡಿದೆ, ಏಕೆಂದರೆ ಕೆಲಸ ಮಾಡುವಷ್ಟು ಪರಾಗಕ್ಕೆ ಅಪಾಯ ಮಾಡುವ ಶಕ್ತಿಯೂ ಇರುತ್ತದೆ. ಜೇನು ಅಷ್ಟು ನಿರಾತಂಕವಾಗಿ ತಿನ್ನಲು ಸಿಗುತ್ತದೆ ಎಂಬುದೇ ಅದರಲ್ಲಿ ಆ ಪರಾಗ ಎಷ್ಟು ಕಡಿಮೆ ಎಂಬುದರ ಸೂಚನೆ.

ಪ್ರಯೋಗಗಳು

ಈ ವಿಷಯದಲ್ಲಿ ನಡೆದಿರುವ ಪ್ರಯೋಗಗಳು ಕಡಿಮೆ, ಎಲ್ಲವೂ ಚಿಕ್ಕವು. ಹೆಚ್ಚು ಚರ್ಚೆಯಾದ ಮೂರನ್ನು ಇಲ್ಲಿ ನೋಡಬಹುದು.

ಅಮೆರಿಕದ ಕನೆಕ್ಟಿಕಟ್‌ನಲ್ಲಿ 36 ಅಲರ್ಜಿ ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಅಲ್ಲೇ ತೆಗೆದ, ಕಾಯಿಸದ, ಸೋಸದ ಜೇನು. ಇನ್ನೊಂದಕ್ಕೆ ಬೇರೆಡೆಗಳಿಂದ ಬಂದ, ಸೋಸಿ ಕಾಯಿಸಿದ ಜೇನು. ಮೂರನೆಯದಕ್ಕೆ ಜೇನಿನ ವಾಸನೆ ಬೆರೆಸಿದ ಗೋವಿನಜೋಳದ ಪಾಕ. ದಿನಕ್ಕೊಂದು ದೊಡ್ಡ ಚಮಚ. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪಾಕ ತಿಂದವರಿಗಿಂತ ಜೇನು ತಿಂದ ಯಾವ ಗುಂಪೂ ಸುಖವಾಗಿರಲಿಲ್ಲ. ಊರ ಜೇನಿನ ಪ್ರಶ್ನೆಯನ್ನು ನೇರವಾಗಿ ಕೇಳಿದ ಪ್ರಯೋಗ ಇದೇ.

ಜೇನಿನ ಪರ ವಾದಿಸುವವರು ಎತ್ತಿ ತೋರಿಸುವುದು 2011ರ ಫಿನ್ಲೆಂಡಿನ ಪ್ರಯೋಗವನ್ನು. ಬರ್ಚ್ ಪರಾಗದ ಅಲರ್ಜಿಯಿದ್ದ 44 ಜನರಿಗೆ ಚಳಿಗಾಲವಿಡೀ ಜೇನು ಕೊಟ್ಟರು. ಕೆಲವರಿಗೆ ಬರ್ಚ್ ಪರಾಗ ಬೆರೆಸಿದ್ದು, ಉಳಿದವರಿಗೆ ಮಾಮೂಲಿ ಜೇನು. ವಸಂತದಲ್ಲಿ ಪರಾಗದ ಜೇನು ತಿಂದವರ ಲಕ್ಷಣಗಳು, ಜೇನು ತಿನ್ನದೆ ಎಂದಿನ ಔಷಧ ಮಾತ್ರ ಬಳಸಿದವರಿಗಿಂತ ಶೇ. 60ರಷ್ಟು ಕಡಿಮೆ ಇದ್ದವು, ಮಾತ್ರೆಗಳ ಬಳಕೆ ಅರ್ಧಕ್ಕಿಳಿದಿತ್ತು. ಸುದ್ದಿಯಾಗುವಂಥ ಅಂಕಿಯೇ ಸರಿ. ಆದರೆ ಆ ಪರಾಗವನ್ನು ಸಂಶೋಧಕರು ತಾವೇ ಬೆರೆಸಬೇಕಾಯಿತು ಎಂಬುದನ್ನು ಗಮನಿಸಬೇಕು, ಬರ್ಚ್ ಗಾಳಿಯನ್ನು ನೆಚ್ಚಿದ ಮರ. ಜೇನು ತಿನ್ನದ ಗುಂಪಿಗೆ ತಾವು ತಿನ್ನುತ್ತಿಲ್ಲ ಎಂಬುದು ಗೊತ್ತೇ ಇತ್ತು. ಪರಾಗ ಬೆರೆಸಿದ ಜೇನಿಗೂ ಮಾಮೂಲಿ ಜೇನಿಗೂ ಹೋಲಿಸಿದಾಗ ಲಕ್ಷಣಗಳಲ್ಲಿ ಗಟ್ಟಿಯಾದ ವ್ಯತ್ಯಾಸ ಉಳಿಯಲಿಲ್ಲ. ಸಂಶೋಧಕರೂ ಇದನ್ನು ಪ್ರಾರಂಭಿಕ ಪ್ರಯೋಗವೆಂದೇ ಕರೆದರು.

ಮಲೇಷ್ಯಾದ ಪ್ರಯೋಗದ ಜಾಡು ಬೇರೆ. 2013ರಲ್ಲಿ ಪ್ರಕಟವಾದ ಇದರಲ್ಲಿ 40 ರೋಗಿಗಳಿಗೆ ಲೊರಾಟಡಿನ್ ಎಂಬ ಅಲರ್ಜಿ ಮಾತ್ರೆಯ ಜೊತೆ ನಾಲ್ಕು ವಾರ ಜೇನನ್ನೋ ಜೇನಿನಂತಿದ್ದ ಪಾಕವನ್ನೋ ಕೊಟ್ಟರು. ನಾಲ್ಕನೆಯ ವಾರಕ್ಕೆ ಎರಡೂ ಗುಂಪು ಸುಧಾರಿಸಿದವು, ಎಂಟನೆಯ ವಾರದಲ್ಲಿ ಜೇನಿನ ಗುಂಪಿನ ಸುಧಾರಣೆ ಮಾತ್ರ ಮುಂದುವರಿಯಿತು. ಪ್ರಮಾಣ ಮಾತ್ರ ಗಾಬರಿ ಹುಟ್ಟಿಸುವಂಥದ್ದು: ದೇಹತೂಕದ ಪ್ರತಿ ಕಿಲೋಗೆ 1 ಗ್ರಾಂ. 60 ಕಿಲೋದವರು ದಿನಕ್ಕೆ 60 ಗ್ರಾಂ ಜೇನು, ಅಂದರೆ ಸುಮಾರು 48 ಗ್ರಾಂ ಸಕ್ಕರೆ ತಿನ್ನಬೇಕು. ಜೇನಿನ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿಯುವ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 25 ಗ್ರಾಮಿನೊಳಗಿದ್ದರೆ ಒಳ್ಳೆಯದು. ಇಲ್ಲಿ ಪರೀಕ್ಷೆಗೆ ಒಳಗಾದದ್ದು ಜೇನಿನ ಉರಿಯೂತ ತಗ್ಗಿಸುವ ಗುಣವೇ ಹೊರತು ಊರ ಪರಾಗವಲ್ಲ. ಇಷ್ಟರಿಂದ ಮೂಗಿನ ಅಲರ್ಜಿಗೆ ಜೇನು ಮದ್ದೆಂದು ಹೇಳಲಾಗದು. ಅಮೆರಿಕದ ಅಲರ್ಜಿ ತಜ್ಞರ ಸಂಘಗಳೂ ಊರ ಜೇನಿಗೆ ಪುರಾವೆಯಿಲ್ಲ ಎಂಬ ನಿಲುವನ್ನೇ ತಳೆದಿವೆ.

ನಂಬಿಕೆಯ ಮೂಲ

ಅಮೆರಿಕದಲ್ಲಿ ಇದನ್ನು ಹರಡಿದವರಲ್ಲಿ ವರ್ಮಾಂಟಿನ ವೈದ್ಯ ಡಿ.ಸಿ. ಜಾರ್ವಿಸ್ ಒಬ್ಬ. 1958ರಲ್ಲಿ ಬಂದು ಅಪಾರ ಮಾರಾಟ ಕಂಡ ಅವನ ಜನಪದ ವೈದ್ಯದ ಪುಸ್ತಕ ಮೂಗಿನ ತೊಂದರೆಗೆ ಜೇನುಹಲ್ಲೆ ಅಗಿಯುವುದನ್ನು ಹೊಗಳಿತು. ಮುಂದಿನ ದಶಕಗಳ ಸಹಜ ಆಹಾರದ ಚಳವಳಿ ಅದಕ್ಕೆ ಊರಿನ ಪರಾಗದ ವಿವರಣೆಯನ್ನು ತೊಡಿಸಿತು.

ಇಲ್ಲಿನ ಅಂಗಡಿಗಳಲ್ಲಿ ಇದನ್ನೇ ಪುರಾತನ ಭಾರತೀಯ ಜ್ಞಾನವೆಂದು ಮಾರುವುದುಂಟು. ಅದು ಸರಿಯಲ್ಲ. ಆಯುರ್ವೇದದಲ್ಲಿ ಮಧುವಿಗೆ ದೊಡ್ಡ ಸ್ಥಾನವಿದೆ ನಿಜ. ಚರಕಸಂಹಿತೆ ನಾಲ್ಕು ಬಗೆಯ ಜೇನನ್ನು, ಸುಶ್ರುತಸಂಹಿತೆ ಎಂಟು ಬಗೆಯನ್ನು ಹೇಳುತ್ತವೆ. ಕಫ ಕರಗಿಸುವ ಗುಣ, ಬೇರೆ ಔಷಧಗಳನ್ನು ಕೊಂಡೊಯ್ಯುವ ಅನುಪಾನದ ಗುಣ, ಕಾಯಿಸಬಾರದೆಂಬ ನಿಷೇಧ ಎಲ್ಲವೂ ಅಲ್ಲಿವೆ. ಆ ವಿಂಗಡಣೆ ನಡೆದದ್ದು ನೊಣದ ಜಾತಿ ಮತ್ತು ಜೇನಿನ ಗುಣದ ಮೇಲೆ. ರೋಗಿಯ ಊರಿನ ಹೂವಿನ ಪರಾಗದಿಂದ ರೋಗಿಯನ್ನು ಒಗ್ಗಿಸುವ ವಿಚಾರ ಬ್ಲ್ಯಾಕ್ಲಿ, ನೂನ್ ಇವರ ನಂತರ ಮಾತ್ರ ಹುಟ್ಟಬಹುದಾದದ್ದು. ಕನ್ನಡದ ಮನೆಗಳಲ್ಲಿ ದೊಡ್ಡಪತ್ರೆ ರಸ, ಶುಂಠಿ ರಸ, ಕಾಳುಮೆಣಸಿನ ಪುಡಿಗಳಿಗೆ ಜೇನು ಬೆರೆಸಿ ಕೊಡುವುದು ಕೆಮ್ಮು-ನೆಗಡಿಗೆ. ಈ ಬಳಕೆಗೆ ಆಧುನಿಕ ಬೆಂಬಲವೂ ತಕ್ಕಮಟ್ಟಿಗೆ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 105 ಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಲಗುವ ಮುಂಚೆ ಕೊಟ್ಟ ಜೇನು ರಾತ್ರಿಯ ಕೆಮ್ಮನ್ನು, ಏನೂ ಕೊಡದಿದ್ದುದಕ್ಕಿಂತ ಚೆನ್ನಾಗಿ ತಗ್ಗಿಸಿತು. ಗಂಟಲ ಕೆರೆತ ಶಮನವಾದದ್ದನ್ನು ಅಲರ್ಜಿಯೇ ವಾಸಿಯಾಯಿತೆಂದು ತಿಳಿಯುವುದು ಸುಲಭ. ಸೀನು ತಾರಕಕ್ಕೇರಿದಾಗ ಜೇನು ಶುರುಮಾಡುತ್ತಾರೆ, ಕೆಲವು ವಾರಗಳಲ್ಲಿ ಹೂವಿನ ಕಾಲವೇ ಮುಗಿದಿರುತ್ತದೆ, ಕೀರ್ತಿ ಜೇನಿಗೆ ಹೋಗುತ್ತದೆ.

ಊರ ಜೇನು ಎಂದರೆ ಯಾವುದು

ಕರ್ನಾಟಕದಲ್ಲಿ ಬಂಡೆ, ಎತ್ತರದ ಮರಗಳಲ್ಲಿ ಕಟ್ಟುವ ಹೆಜ್ಜೇನು, ಪೊಟರೆಯಲ್ಲೂ ಪೆಟ್ಟಿಗೆಯಲ್ಲೂ ಬಾಳುವ ತುಡುವೆ, ಪೊದೆಗಳಲ್ಲಿ ಒಂದೇ ಹಲ್ಲೆ ಕಟ್ಟುವ ಕೋಲುಜೇನು, ಕುಟುಕದ ಮಿಸರಿ ಜೇನು ಇವೆಲ್ಲ ನೆಲದವೇ. ಯುರೋಪಿನ ಮೆಲ್ಲಿಫೆರಾ ಹೊರಗಿನಿಂದ ಬಂದದ್ದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತುಡುವೆ ಸಂಸಾರಗಳನ್ನು ಕೊಡಗು, ಕರಾವಳಿಗಳಲ್ಲಿ ಬಹುಪಾಲು ನಿರ್ನಾಮ ಮಾಡಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಕೊಡಗು-ಮೈಸೂರು ಕಾಡಂಚಿನ ಜೇನುಕುರುಬರು ಇಳಿಸುವ ಜೇನು ಮುಖ್ಯವಾಗಿ ಹೆಜ್ಜೇನಿನದು. ಹೆಜ್ಜೇನು ಋತುವಿಗೆ ತಕ್ಕಂತೆ ದೂರದೂರ ವಲಸೆ ಹೋಗುತ್ತದೆ. ಮೆಲ್ಲಿಫೆರಾ ಪೆಟ್ಟಿಗೆಗಳು ಲಾರಿಯೇರಿ ಸೂರ್ಯಕಾಂತಿ ಹೊಲಗಳನ್ನು ಹುಡುಕಿ ಹೋಗುತ್ತವೆ. ಹೀಗಿರುವಾಗ ಚೀಟಿಯ ಮೇಲಿನ ಊರ ಹೆಸರನ್ನು ಪೂರ್ತಿ ನಂಬುವುದು ಕಷ್ಟ. ಜೇನು ಜೇನೇ ಆಗಿರುತ್ತದೆಂಬ ಭರವಸೆಯೂ ಇಲ್ಲ: ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರಲ್ಲಿ 13 ಬ್ರಾಂಡ್‌ಗಳನ್ನು ಪರೀಕ್ಷೆಗೊಡ್ಡಿದಾಗ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದವು 3 ಮಾತ್ರ. ರುಚಿಗಾಗಿಯೋ ಕಾಡಿನವರಿಗೆ ನಾಲ್ಕು ಕಾಸು ಸಿಗಲೆಂದೋ ಪರಿಚಯದವರಿಂದ ಜೇನು ಕೊಳ್ಳುವುದು ಒಳ್ಳೆಯ ಕಾರಣವೇ. ಅಲರ್ಜಿಯನ್ನು ಅದರ ಜೊತೆ ಸೇರಿಸಬೇಕಿಲ್ಲ.

ಅಪಾಯಗಳು

ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಜೇನಿನಲ್ಲಿ ಕೆಲವೊಮ್ಮೆ ಇರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಗೂಸಿನ ಕರುಳಲ್ಲಿ ಮೊಳೆತು ವಿಷ ಉಂಟುಮಾಡುತ್ತವೆ. ಮಗುವಿನ ಸ್ನಾಯುಗಳು ಸೋಲುತ್ತವೆ, ಉಸಿರಾಟವೂ ನಿಲ್ಲಬಹುದು. ಕಾಯಿಸಿ ಸೋಸಿದರೂ ಈ ಕಣಗಳು ಸಾಯವು. ಈ ರೋಗವನ್ನು ಗುರುತಿಸಿದ್ದು 1976ರಲ್ಲಿ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವ, ಬಜೆ ತೇದು ಜೇನಿನಲ್ಲಿ ನೆಕ್ಕಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಪರಾಗದ ಅಲರ್ಜಿ ಇರುವವರಲ್ಲಿ ಕೆಲವರಿಗೆ ಜೇನೇ ಅಲರ್ಜಿ ತರುತ್ತದೆ. ಸೂರ್ಯಕಾಂತಿ ಕುಟುಂಬದ ಪರಾಗ ಆಗದವರಲ್ಲಿ ಇದು ಹೆಚ್ಚು ವರದಿಯಾಗಿದೆ, ಕಾಂಗ್ರೆಸ್ ಗಿಡವೂ ಅದೇ ಕುಟುಂಬದ್ದು. ಬಾಯಿ ತುರಿಕೆಯಿಂದ ಹಿಡಿದು ರಕ್ತದೊತ್ತಡ ಕುಸಿಯುವ ತೀವ್ರ ಅಲರ್ಜಿಯವರೆಗೂ ಹೋಗಬಹುದು. ಆರೋಗ್ಯದ ಹೆಸರಲ್ಲಿ ಮಾರುವ ಜೇನ್ನೊಣದ ಪರಾಗದ ಉಂಡೆಗಳು ಇನ್ನೂ ಅಪಾಯಕಾರಿ, ಅವುಗಳಲ್ಲಿರುವುದು ಪರಾಗವೇ. ಸಕ್ಕರೆ ಕಾಯಿಲೆಯವರಿಗೆ ಜೇನು ಸಕ್ಕರೆಗಿಂತ ಬೇರೆಯಲ್ಲ.

ರೂಢಿಯಲ್ಲಿರುವ ಚಿಕಿತ್ಸೆ

ವರ್ಷವಿಡೀ ಸೀನುವ ಅನೇಕ ಭಾರತೀಯರಲ್ಲಿ ಕಾರಣ ಹಾಸಿಗೆ-ದಿಂಬುಗಳ ಧೂಳಿನ ನುಸಿ. ಅಂಥವರಿಗೆ ಹೂವೂ ಜೇನೂ ಸಂಬಂಧವಿಲ್ಲದವು. ಆದ್ದರಿಂದ ಕಾರಣದ ಪರೀಕ್ಷೆ ಮೊದಲು. ಸೆಟಿರಿಜಿನ್, ಲೊರಾಟಡಿನ್‌ನಂಥ ಮಾತ್ರೆಗಳು ತುರಿಕೆ-ಸೀನುಗಳಿಗೆ. ಕಟ್ಟಿದ ಮೂಗಿಗೆ ಸ್ಟೆರಾಯ್ಡ್ ಸ್ಪ್ರೇ ಹೆಚ್ಚು ಪರಿಣಾಮಕಾರಿ, ಸ್ಟೆರಾಯ್ಡ್ ಎಂಬ ಹೆಸರಿಗೆ ಬೆದರಿ ಬಿಡುವವರು ಬಹಳ. ಉಪ್ಪುನೀರಿನಲ್ಲಿ ಮೂಗು ತೊಳೆಯುವುದು, ಯೋಗದ ಜಲನೇತಿ ಇದೇ, ತಕ್ಕಮಟ್ಟಿನ ಉಪಶಮನ ಕೊಡುತ್ತದೆ. ನೀರನ್ನು ಕುದಿಸಿ ಆರಿಸಿರಬೇಕು. ಇವುಗಳಿಂದ ಹತೋಟಿಗೆ ಬಾರದಿದ್ದರೆ ಇಮ್ಯುನೋಥೆರಪಿ.

ಜೇನ್ನೊಣದಿಂದ ಬಂದ ವಸ್ತುವಿಗೆ ದೇಹವನ್ನು ಒಗ್ಗಿಸುವ ಚಿಕಿತ್ಸೆ ಚೆನ್ನಾಗಿ ಫಲಿಸಿರುವುದು ಅದರ ವಿಷದಲ್ಲಿ. ಕುಟುಕಿದರೆ ಜೀವಕ್ಕೇ ಅಪಾಯವಾಗುವಂಥವರಿಗೆ ಶುದ್ಧೀಕರಿಸಿದ ವಿಷವನ್ನು ಏರುಪ್ರಮಾಣದಲ್ಲಿ ಚುಚ್ಚುತ್ತಾರೆ. ಇಡೀ ನೊಣವನ್ನು ಅರೆದ ಸಾರವನ್ನು ಹಿಂದೆ ದಶಕಗಳ ಕಾಲ ಇದಕ್ಕೆ ಬಳಸುತ್ತಿದ್ದರು. ಅಮೆರಿಕದಲ್ಲಿ 1978ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿಷದ ಚುಚ್ಚುಮದ್ದು ಸ್ಪಷ್ಟವಾಗಿ ರಕ್ಷಣೆ ಕೊಟ್ಟಿತು, ನೊಣದ ಸಾರ ಮಾತ್ರ ಹುಸಿಮದ್ದಿಗಿಂತ ಮೇಲೇನಲ್ಲವೆಂದು ತಿಳಿದು ಬಳಕೆಯಿಂದ ಹೋಯಿತು.